ಶಾನುಭೋಗನ ಲೆಕ್ಕ

ಎರಡು ವರ್ಷದ ಹಿಂದಿನ ದಸರೆಯಲ್ಲಿ, ನೆಂಟರಿಗೆಂದು ಹಾಸಿದ್ದ ಜಮಖಾನದ ಮೇಲೆ ಉಚ್ಚೆ ಹೊಯ್ದನೆಂದು ನಮ್ಮ ಬೆಕ್ಕಿಗೆ ನಾನು ಪೇಪರ್ ಸುತ್ತಿ ಎರಡೇಟು ಹಾಕಿದ್ದೆ. ಪೆಟ್ಟೇನೂ ಆಗಿರಲಿಕ್ಕಿಲ್ಲ, ಸದ್ದಿಗೇ ಓಡುವ ಪ್ರಾಣಿ ಅದು. ಆದರೆ ಅವತ್ತು ಅವನು ಓಡಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಬೆನ್ನು ಗೂನು ಮಾಡಿ, ನನ್ನ ಮುಖ ನೋಡುತ್ತಲೇ ಮತ್ತೆ ಕೂತ. "ನೋಡು, ಎಷ್ಟು ಹಠ! ಬೇಕೂಂತಲೇ ಮಾಡ್ತಾನೆ" ಅಂದೆ ನಾದಿನಿಗೆ. "ಬೆಕ್ಕಿಗೆ ಸೇಡು ಜಾಸ್ತಿ ಅತ್ತಿಗೆ. ನಾವೆಲ್ಲ ಬಂದಿದ್ದು ಅದಕ್ಕೆ ಇಷ್ಟ ಇಲ್ಲ" ಅಂದಳು ಅವಳು. ಇಬ್ಬರೂ ನಕ್ಕೆವು. ಜಮಖಾನ ಒಗೆಯಲು ಹೋಗಿ ನೋಡಿದರೆ ಒದ್ದೆಯಾಗಿದ್ದದ್ದು ಒಂದು ರೂಪಾಯಿ ಬಿಲ್ಲೆಯಷ್ಟು ಜಾಗ. ಇಷ್ಟಕ್ಕೆ ಇಷ್ಟು ರಂಪ ಮಾಡಿದೆನಲ್ಲ ಅಂದುಕೊಂಡೆನೇ ಹೊರತು, ಇಷ್ಟೇ ಯಾಕೆ ಅಂತ ಕೇಳಿಕೊಳ್ಳಲಿಲ್ಲ.

ಆ ನೋಟ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಈ ಬರಹಕ್ಕೆ ಅದೇ ಕಾರಣ.

ಅವನ ಹೆಸರು ಶಾನುಭೋಗ. ನಾನು ಮನೆಯಲ್ಲೇ ಕೂತು ಹತ್ತಿಪ್ಪತ್ತು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವವಳು. ಮರಿಯಾಗಿದ್ದಾಗಿನಿಂದಲೂ ನನಗೆ ಯಾವ ಬಿಲ್ಲು ಬೇಕೋ ಸರಿಯಾಗಿ ಅದರ ಮೇಲೇ ಬಂದು ಕೂರುತ್ತಿದ್ದ. ಹೆಸರಿಟ್ಟದ್ದು ಅಪ್ಪ. ಅವರ ಕಾಲದಲ್ಲಿ ಊರ ಶಾನುಭೋಗರೂ ಹೀಗೇ, ಪಹಣಿ ಪುಸ್ತಕದ ಮೇಲೆ ಕೂತರೆ ಏಳುತ್ತಲೇ ಇರಲಿಲ್ಲವಂತೆ. ದಸರೆಯ ಹೊತ್ತಿಗೆ ನಮ್ಮವನಿಗೆ ಐದು ವರ್ಷ, ಆರು ಕೆಜಿ ತೂಕ, ಬೀಜ ತೆಗೆಸಿ ನಾಲ್ಕು ವರ್ಷ. ಮನೆ ಬಿಟ್ಟು ಹೊರಗೆ ಕಾಲಿಟ್ಟವನಲ್ಲ. ಮೂರು ಹೊತ್ತೂ ಒಣ ಕಾಳಿನ ಫುಡ್ಡು. ನಮ್ಮದು ಮಾಂಸ ಮುಟ್ಟದ ಮನೆ. ಬೆಕ್ಕು ಸಾಕಿದ ಇಂಥ ಮನೆಗಳಿಗೆಲ್ಲ ಆ ಒಣ ಕಾಳು ದೊಡ್ಡ ಅನುಕೂಲ. ಒಳಗೆ ಮೀನಿದೆಯೋ ಕೋಳಿಯಿದೆಯೋ ಕಣ್ಣಿಗೆ ಕಾಣುವುದಿಲ್ಲ, ಹುರಿಗಾಳಿನ ಹಾಗೆ ಡಬ್ಬಿಯಲ್ಲಿ ತುಂಬಿಡಬಹುದು. ಮೂತ್ರ ಕಟ್ಟಿಕೊಳ್ಳುವ ಬೆಕ್ಕು ಎಂಥದ್ದಿರುತ್ತದೆ ಅಂತ ಪಶುವೈದ್ಯರನ್ನು ಕೇಳಿದ್ದರೆ ಇವನ ಭಾವಚಿತ್ರವನ್ನೇ ಕೊಡುತ್ತಿದ್ದರೋ ಏನೋ: ಗಂಡು, ದಢೂತಿ, ಬೀಜ ತೆಗೆಸಿದ್ದು, ಮನೆಯೊಳಗಿನದು, ಒಣ ಆಹಾರದ್ದು.

ತೇದಿವಾರು

ಕಣ್ಣೆದುರಿಗೇ ಇದ್ದ ಸುಳಿವುಗಳನ್ನು ಈಗ ತೇದಿವಾರು ಬರೆಯಬಲ್ಲೆ. ಆಗ ಒಂದನ್ನೂ ಓದಲಿಲ್ಲ. ಆಯುಧಪೂಜೆಗೆ ಮೂರು ದಿನ ಮುಂಚೆ, ರಾತ್ರಿಯಿಡೀ ಅವನು ಒಂದಕ್ಕೆ ಎರಡಕ್ಕೆ ಹೋಗುವ ಟ್ರೇಯಿಂದ ಮಣ್ಣು ಕೆರೆಯುವ ಸದ್ದು. ಒಳಗೆ ಹೋಗುವುದು, ಕೆರೆಯುವುದು, ಕೂರುವುದು, ಹೊರಗೆ ಬರುವುದು, ಐದು ನಿಮಿಷಕ್ಕೆ ಮತ್ತೆ ಒಳಗೆ. ನೆಂಟರ ಗಲಾಟೆಗೆ ನಿದ್ದೆ ಬಂದಿಲ್ಲ ಅಂದುಕೊಂಡೆ. ಮಾರನೆಯ ದಿನ ಜಮಖಾನದ ಪ್ರಸಂಗ. ಅವತ್ತೇ ಮಧ್ಯಾಹ್ನ ಕಾಲೆತ್ತಿಕೊಂಡು ಕೂತು ಹಿಂದುಗಡೆ ನೆಕ್ಕಿಕೊಳ್ಳತೊಡಗಿದವನು ಗಂಟೆಗಟ್ಟಲೆ ನಿಲ್ಲಿಸಲಿಲ್ಲ. ನೆಂಟರೆದುರು ಚೊಕ್ಕಟವಾಗಿ ಇದ್ದಾನಲ್ಲ ಅಂತ ನನಗೆ ಒಳಗೊಳಗೇ ಹೆಮ್ಮೆ! ಆಯುಧಪೂಜೆಯ ಬೆಳಿಗ್ಗೆ ಕೈ ತೊಳೆಯುವ ಬೇಸಿನ್ನಿನೊಳಗೆ ಹತ್ತಿ ಕೂತಿದ್ದ. ಇಳಿಸಿದ ಮೇಲೆ ನೋಡಿದರೆ ಬಿಳಿ ಪಿಂಗಾಣಿಯ ಮೇಲೆ ಎರಡು ಹನಿ ತಿಳಿಗೆಂಪು. ಸ್ಕೂಟರಿಗೆ ಕುಂಕುಮ ಹಚ್ಚಿದವರು ಯಾರೋ ಇಲ್ಲಿ ಕೈ ತೊಳೆದಿದ್ದಾರೆ ಅಂತ ನಲ್ಲಿ ಬಿಟ್ಟು ತೊಳೆದೆ. ನಮ್ಮದು ಹಳೇ ಕಾಲದ ಬಾಡಿಗೆ ಮನೆ, ಉದ್ದಕ್ಕೂ ರೆಡ್ ಆಕ್ಸೈಡ್ ನೆಲ. ಆ ನೆಲದ ಮೇಲೆ ಇಂಥ ಹನಿ ಇನ್ನೆಷ್ಟು ಬಿದ್ದಿದ್ದವೋ, ಕಂಡಿರಲಾರವು.

ಟ್ರೇಯ ವಿಷಯವನ್ನೂ ಹೇಳಬೇಕು. ಅಪ್ಪನಿಗೆ ಆ ಶ್ರಾವಣದಲ್ಲಿ ಪ್ರಾಸ್ಟೇಟ್ ಆಪರೇಷನ್ ಆಗಿತ್ತು. ಊರಲ್ಲಿ ಒಬ್ಬರೇ ಇದ್ದವರು ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿ, ಪಕ್ಕದ ಮನೆಯವರು ಕಾರಲ್ಲಿ ಹಾಕಿಕೊಂಡು ಆಸ್ಪತ್ರೆ ಸೇರಿಸಿದ್ದರು. ಆರು ತಿಂಗಳಿಂದ ತೊಂದರೆ ಇತ್ತಂತೆ, ಒಂದು ಮಾತು ಹೇಳಿರಲಿಲ್ಲ. ಫೋನಿನಲ್ಲಿ "ಎಲ್ಲಾ ಸರಿಯಾಗಿದೆ" ಅಷ್ಟೇ. ಆಪರೇಷನ್ ಮುಗಿಸಿಕೊಂಡು ಮೈಸೂರಿಗೆ ನಮ್ಮಲ್ಲಿಗೇ ಬಂದರು. ಅವರಿಗೆಂದು ಕಮೋಡ್ ಕುರ್ಚಿ ತಂದೆವು. ಬಚ್ಚಲಲ್ಲಿ ಅದಕ್ಕೆ ಜಾಗ ಬೇಕಲ್ಲ, ಐದು ವರ್ಷದಿಂದ ಮೂಲೆಯಲ್ಲಿದ್ದ ಶಾನುಭೋಗನ ಟ್ರೇ ಎತ್ತಿ ಹಿತ್ತಲ ಕಡೆಯ ವಾಷಿಂಗ್ ಮಷಿನ್ ಪಕ್ಕಕ್ಕೆ ಇಟ್ಟೆ. ಮಷಿನ್ ತಿರುಗುವಾಗ ಟ್ರೇಯೊಳಗಿನ ಮಣ್ಣೂ ನಡುಗುತ್ತಿತ್ತು. ಬೆಕ್ಕು ತಾನೇ, ಒಗ್ಗಿಕೊಳ್ಳುತ್ತದೆ ಅಂದುಕೊಂಡೆ. ಅದಾದ ಮೇಲೆ ದಸರೆ. ಮೈಸೂರಲ್ಲಿ ಮನೆಯಿದ್ದವರಿಗೆ ದಸರೆ ಅಂದರೆ ಏನಂತ ವಿವರಿಸಬೇಕಿಲ್ಲ. ಎರಡು ರೂಮಿನ ಮನೆಯಲ್ಲಿ ಒಂಬತ್ತು ಜನ.

"ಅವನಿಗೆ ಬರ್ತಾ ಇಲ್ಲ ಕಣಮ್ಮ"

ಆಯುಧಪೂಜೆಯ ಸಂಜೆ ನಮ್ಮವರು ನೆಂಟರನ್ನೆಲ್ಲ ಕರೆದುಕೊಂಡು ಅರಮನೆಯ ದೀಪ ತೋರಿಸಲು ಹೋಗಿದ್ದರು. ಮನೆಯಲ್ಲಿ ನಾನು, ಅಪ್ಪ. ಶಾನುಭೋಗ ಬೆಳಗಿನಿಂದ ಅನ್ನನೀರು ಮುಟ್ಟದೆ ಮಂಚದ ಕೆಳಗೆ ಟ್ರಂಕಿನ ಹಿಂದೆ ಸೇರಿದ್ದ. ಮಧ್ಯೆ ಒಂದು ಸಲ ಎದ್ದು ಬಂದು ಬಚ್ಚಲಿನ ಹಳೇ ಮೂಲೆಗೇ ಹೋಗಿ ಕೂತ. ಕುರ್ಚಿಯ ಕಾಲಿನ ಪಕ್ಕ, ಒದ್ದೆ ನೆಲದ ಮೇಲೆ. ಹೊಟ್ಟೆಯಿಂದ ಎದ್ದು ಬಂದ ಹಾಗೆ ಒಂದು ದಪ್ಪ ದನಿ ತೆಗೆದ. ಮಲ ಕಟ್ಟಿರಬೇಕು, ಒಂದು ಚಮಚ ತುಪ್ಪ ತಿನ್ನಿಸಿದರೆ ಸರಿಹೋಗುತ್ತದೆ ಅಂತ ನಾನು ಅಡುಗೆಮನೆಗೆ ಹೊರಟಿದ್ದೆ. ಅಪ್ಪ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದವರು ಮೆಲ್ಲಗೆ ಹೇಳಿದರು:

"ಅವನಿಗೆ ಬರ್ತಾ ಇಲ್ಲ ಕಣಮ್ಮ."

"ಏನು?"

"ಒಂದಕ್ಕೆ. ಕೂತಿರೋ ರೀತಿ ನೋಡು. ನಾನೂ ಹಂಗೇ ಗೋಡೆ ಹಿಡ್ಕೊಂಡು ನಿಂತಿರ್ತಿದ್ದೆ. ಬಂತು ಬಂತು ಅನ್ಸುತ್ತೆ, ತಿಣುಕಿದ್ರೆ ಒಂದು ಹನಿ. ಬಿಟ್ಟು ಬಂದ್ರೆ ಮತ್ತೆ ಕರೆಯುತ್ತೆ."

ಅಪ್ಪ ಆರು ತಿಂಗಳು ನಮ್ಮಿಂದ ಬಚ್ಚಿಟ್ಟದ್ದನ್ನು ಅಷ್ಟು ಬಿಡಿಸಿ ಹೇಳಿದ್ದು ಅದೇ ಮೊದಲು. ನನಗೆ ಹೇಳಿದರೋ ಬೆಕ್ಕಿನ ಪರವಾಗಿ ಸಾಕ್ಷಿ ನುಡಿದರೋ ಗೊತ್ತಾಗಲಿಲ್ಲ. ಆಮೇಲೆ ಬಗ್ಗಿ, ಅವರಿಗೆ ಬಗ್ಗಬಾರದೆಂದು ಡಾಕ್ಟರು ಹೇಳಿದ್ದರೂ ಬಗ್ಗಿ, ಶಾನುಭೋಗನ ಕೆಳಹೊಟ್ಟೆಗೆ ಕೈ ಹಾಕಿ ತಕ್ಷಣ ತೆಗೆದರು. "ಕಲ್ಲಿದ್ದಂಗಿದೆ."

ಅವನಿಗೆ ಲಸಿಕೆ ಹಾಕುತ್ತಿದ್ದ ಡಾಕ್ಟರಿಗೆ ಫೋನ್ ಮಾಡಿದೆ. ರಾತ್ರಿ ಒಂಬತ್ತು ಗಂಟೆ, ಹಬ್ಬ ಬೇರೆ, ಎತ್ತಿದ್ದೇ ಪುಣ್ಯ. ನಾನು ಇಡೀ ಪುರಾಣ ಶುರುಮಾಡುವ ಮುಂಚೆ ಅವರು ಎರಡೇ ಪ್ರಶ್ನೆ ಕೇಳಿದರು. "ಗಂಡಾ ಹೆಣ್ಣಾ?" ಗಂಡು. "ಕೊನೇ ಸಲ ಸರಿಯಾಗಿ ಮೂತ್ರ ಮಾಡಿದ್ದು ಯಾವಾಗ ನೋಡಿದ್ರಿ?" ಮಾರ್ಚ್ ತಿಂಗಳಲ್ಲಿ ಯಾವ ಅಂಗಡಿಗೆ ಎಷ್ಟು ತೆರಿಗೆ ಬಾಕಿಯಿತ್ತೆಂದು ಕಣ್ಮುಚ್ಚಿ ಹೇಳುವ ನನಗೆ ಅದು ಗೊತ್ತಿರಲಿಲ್ಲ. "ಬೆಳಿಗ್ಗೆ ತಂದ್ರೆ ಆಗುತ್ತಾ ಸರ್?" ಅಂದೆ. "ಬೆಳಿಗ್ಗೆವರೆಗೂ ಇರ್ತಾನೆ ಅಂತ ನಾನು ಹೇಳಲ್ಲ ಮೇಡಂ. ಈಗಲೇ ಹೊರಡಿ."

ಬಾಳೆಕಂದು ಕಟ್ಟಿದ ಆಟೋ, ರಸ್ತೆಯ ಉದ್ದಕ್ಕೂ ಒಡೆದ ಬೂದುಗುಂಬಳಕಾಯಿ, ಚಕ್ರಕ್ಕೆ ಸಿಕ್ಕ ನಿಂಬೆಹಣ್ಣಿನ ವಾಸನೆ. ಬೇಡವೆಂದರೂ ಅಪ್ಪ ಬಂದರು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು. ಹಂಪು ಬಂದಾಗಲೆಲ್ಲ ಅವರ ಬಾಯಿಂದ "ಅಯ್ಯೋ" ಬರುತ್ತಿತ್ತು. ಯಾರ ನೋವಿಗೆ ಅಂತ ನಾನು ಕೇಳಲಿಲ್ಲ.

ಡಾಕ್ಟರ ಮನೆಯ ಕೆಳಗೇ ಕ್ಲಿನಿಕ್ಕು. ಮೇಜಿನ ಮೇಲೆ ಸ್ಟೆತಾಸ್ಕೋಪು, ಕತ್ತರಿ, ಮೈಕ್ರೋಸ್ಕೋಪು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಏರಿಸಿಟ್ಟಿದ್ದರು. "ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಹುದಾ?" ಅಂದರು ಅಪ್ಪ. "ಆಯುಧ ಇರೋದೇ ಕೆಲಸಕ್ಕಲ್ವಾ ಯಜಮಾನ್ರೇ" ಅಂತ ಡಾಕ್ಟರು ಸ್ಟೆತಾಸ್ಕೋಪಿನ ಹೂ ತೆಗೆದು, ಕುಂಕುಮ ಒರೆಸಿ ಕಿವಿಗಿಟ್ಟುಕೊಂಡರು. ತುಸು ಹೊತ್ತು ಕೇಳಿ ಅವರ ಮುಖ ಬಿಗಿಯಾಯಿತು. ಆಸ್ಪತ್ರೆಗೆ ಬಂದು ಹೆದರಿದ ಬೆಕ್ಕಿನ ಎದೆ ನಿಮಿಷಕ್ಕೆ 200ರ ಆಸುಪಾಸು ಹೊಡೆದುಕೊಳ್ಳಬೇಕಂತೆ. ಇವನದು 120. ನನಗೆ ಅದು ಸಮಾಧಾನದ ವಿಷಯ ಅನಿಸಿತ್ತು, ನಿಧಾನಕ್ಕಿದೆಯಲ್ಲ ಅಂತ.

ನಿಧಾನವಾದದ್ದೇ ಅಪಾಯವಾಗಿತ್ತು. ಮೂತ್ರ ಹೊರಗೆ ಹೋಗದಿದ್ದರೆ ಅದರ ಜೊತೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ, ಏರುತ್ತ ಹೋದ ಹಾಗೆ ಎದೆಬಡಿತ ತಗ್ಗುತ್ತದೆ, ಕೊನೆಗೆ ನಿಲ್ಲುತ್ತದೆ. ಹೀಗೆ ಸಾಯುವ ಬೆಕ್ಕುಗಳು ಮೂತ್ರಕೋಶ ಒಡೆದು ಸಾಯುತ್ತವೆ ಅಂತ ನಾನು ತಿಳಿದಿದ್ದೆ. ಒಡೆಯುವುದೂ ಉಂಟು, ಆದರೆ ಹೆಚ್ಚಿನವನ್ನು ಒಯ್ಯುವುದು ಹೃದಯವೇ. ಪೂರ್ತಿ ಕಟ್ಟಿಕೊಂಡ ಮೇಲೆ ಒಂದೆರಡು ದಿನದೊಳಗೆ ರಕ್ತ ವಿಷವಾಗುತ್ತದೆ, ಮೂರನೆಯ ದಿನ ದಾಟುವುದು ಕಷ್ಟ. ಶಾನುಭೋಗನಿಗೆ ಮೊದಲೆರಡು ದಿನ ಹನಿಹನಿಯಾದರೂ ಬರುತ್ತಿತ್ತು, ಅದರಿಂದ ಉಳಿದಿದ್ದ. ಡಾಕ್ಟರು ಮೊದಲು ಪೈಪು ಹಾಕಲಿಲ್ಲ. ಕಾಲಿನ ನರಕ್ಕೆ ಸೂಜಿ ಹಾಕಿ ನಿಧಾನವಾಗಿ ಕ್ಯಾಲ್ಸಿಯಂ ಗ್ಲುಕೋನೇಟ್ ಬಿಟ್ಟರು. ಅದು ಪೊಟ್ಯಾಸಿಯಮ್ಮನ್ನು ಇಳಿಸುವುದಿಲ್ಲ, ಇಳಿಯುವವರೆಗೆ ಹೃದಯಕ್ಕೆ ಕಾವಲು ನಿಲ್ಲುತ್ತದೆ ಅಷ್ಟೆ. ಡ್ರಿಪ್ ಶುರುವಾಯಿತು. ಎದೆಬಡಿತ ತುಸು ಏರಿದ ಮೇಲೆ ಮಂಪರು ಬರಿಸಿ, ಕೂದಲು ಬೋಳಿಸಿ, ಪ್ಯಾಕೆಟ್ಟಿನಿಂದ ಒಂದು ಪೈಪು ತೆಗೆದರು. ಅಡುಗೆಮನೆಯ ದಬ್ಬಣದಷ್ಟೇ ಸಪೂರ.

"ಎಷ್ಟು ನಂಬರು ಡಾಕ್ಟ್ರೇ?" ಅಪ್ಪ ಕೇಳಿದರು. "ಮೂರೂವರೆ." "ನಂಗೆ ಹದಿನಾರು ಹಾಕಿದ್ರು." ಇಬ್ಬರೂ ಕಸುಬಿನವರ ಹಾಗೆ ತಲೆದೂಗಿದರು. ನಂಬರನ್ನು ಮೂರರಿಂದ ಭಾಗಿಸಿದರೆ ಪೈಪಿನ ದಪ್ಪ ಮಿಲಿಮೀಟರಿನಲ್ಲಿ ಸಿಗುತ್ತದಂತೆ. ಅಪ್ಪನದು ಐದು ಮಿಲಿಮೀಟರಿಗೆ ಮೇಲೆ, ಶಾನುಭೋಗನದು ಒಂದಕ್ಕೆ ಚೂರು ಹೆಚ್ಚು. ಅಷ್ಟೂ ಹೋಗದೆ ತುದಿಯಲ್ಲೇ ತಡೆಯಿತು. ಸಲೈನ್ ಚಿಮ್ಮಿಸಿ ಹಿಂದಕ್ಕೆ ತಳ್ಳಿ, ಮತ್ತೆ ಚಿಮ್ಮಿಸಿ, ಅರ್ಧ ಗಂಟೆ ಹೆಣಗಿದರು. ಆಮೇಲೆ ಗಂಜಿಯಂಥ ಲೋಳೆಯಲ್ಲಿ ಮರಳು ಕಲಸಿದ ಹಾಗಿದ್ದ ಒಂದು ಸಣ್ಣ ಬಿರಡೆ ಸಡಿಲಾಗಿ, ಪೈಪಿನ ಇನ್ನೊಂದು ತುದಿಯಿಂದ ಕೆಂಪಗೆ ಸುರಿಯತೊಡಗಿತು. ಟ್ರೇ ತುಂಬಿತು, ಇನ್ನೊಂದು ತಂದರು. ಅಪ್ಪ ಕಣ್ಣು ಮುಚ್ಚಿಕೊಂಡು "ಹಾ..." ಅಂತ ಉದ್ದಕ್ಕೆ ಉಸಿರು ಬಿಟ್ಟರು. ಆ ಉಸಿರು ಬೆಕ್ಕಿನದೇ ಇರಬೇಕು, ಅದು ಮಂಪರಿನಲ್ಲಿತ್ತು.

ಗಂಡಾ ಹೆಣ್ಣಾ

ಪೈಪು ಮೂರು ದಿನ ಇತ್ತು. ಕಟ್ಟು ಬಿಟ್ಟ ಮೇಲೆ ಮೂತ್ರಪಿಂಡಗಳು ಸಿಕ್ಕಿದ್ದನ್ನೆಲ್ಲ ಹೊರಗೆ ಹಾಕತೊಡಗುತ್ತವೆ, ಅದಕ್ಕೆ ಸರಿಯಾಗಿ ಡ್ರಿಪ್ ಕೊಡುತ್ತಲೇ ಇರಬೇಕು, ಇಲ್ಲದಿದ್ದರೆ ಬದುಕಿದ ಬೆಕ್ಕು ನೀರಿಲ್ಲದೆ ಬಾಡುತ್ತದೆ. ದಿನಕ್ಕೆರಡು ಸಲ ಹೋಗಿ ಕೂತು ಬರುತ್ತಿದ್ದೆವು. ಆಗಲೇ ಡಾಕ್ಟರ ಹತ್ತಿರ ತಿಳಿದುಕೊಂಡದ್ದು, ರಾತ್ರಿ ಕೂತು ಓದಿದ್ದು ಸೇರಿ ನನಗೆ ಅರ್ಥವಾದದ್ದು ಇಷ್ಟು.

ತೊಂದರೆ ಹೆಣ್ಣಿಗೂ ಬರುತ್ತದೆ. ಪದೇಪದೇ ಕೂರುವುದು, ರಕ್ತ, ನೆಕ್ಕಿಕೊಳ್ಳುವುದು, ಎಲ್ಲ ಅದೇ. ಆದರೆ ಹೆಣ್ಣಿನ ಮೂತ್ರನಾಳ ಗಿಡ್ಡ, ಅಗಲ; ಕಟ್ಟಿಕೊಳ್ಳುವುದು ಅಪರೂಪ. ಗಂಡಿನದು ಉದ್ದ, ತುದಿಯಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ. ಎಳೇ ಬೆಕ್ಕುಗಳಲ್ಲಿ ಸೋಂಕಿನಿಂದ ಬರುವುದು ಬಹಳ ಕಡಿಮೆ. ನಾವು ಮಾತ್ರ ಉರಿಮೂತ್ರ ಅಂದ ತಕ್ಷಣ ಆ್ಯಂಟಿಬಯಾಟಿಕ್ ಅನ್ನುತ್ತೇವೆ. ಸೋಂಕು ಹೆಚ್ಚಾಗಿ ಕಾಣುವುದು ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವುಗಳಲ್ಲಿ. ಇನ್ನು ಹರಳು. ಸ್ಟ್ರುವೈಟ್ ಅನ್ನುವುದು ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆಗುವ ಹರಳು, ಆಹಾರ ಬದಲಾಯಿಸಿ ಮೂತ್ರವನ್ನು ಆಮ್ಲೀಯವಾಗಿಸಿದರೆ ಕರಗುತ್ತದೆ. ಇನ್ನೊಂದು ಕ್ಯಾಲ್ಸಿಯಂ ಆಕ್ಸಲೇಟ್, ಅದು ಕರಗುವ ಪೈಕಿಯಲ್ಲ. 1980ರ ದಶಕದಲ್ಲಿ ಫುಡ್ ಕಂಪನಿಗಳು ಮೆಗ್ನೀಸಿಯಂ ತಗ್ಗಿಸಿ ಕಾಳನ್ನು ಆಮ್ಲೀಯ ಮಾಡಿದ ಮೇಲೆ ಮೊದಲನೆಯದು ಇಳಿಯಿತು, ಎರಡನೆಯದು ಏರಿತು. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಂಡ ಹಾಗೆ. ಇದೆಲ್ಲ ಕಳೆದು ಉಳಿಯುವ ಅರ್ಧಕ್ಕಿಂತ ಹೆಚ್ಚು ಬೆಕ್ಕುಗಳಲ್ಲಿ ಕಾರಣವೇ ಸಿಗುವುದಿಲ್ಲ. ಮೂತ್ರಕೋಶದ ಗೋಡೆ ಊದಿಕೊಂಡಿರುತ್ತದೆ, ಸೋಂಕಿಲ್ಲ, ಕಲ್ಲಿಲ್ಲ.

ನೀರಿನ ವಿಷಯ ಮಾತ್ರ ಎಲ್ಲಕ್ಕೂ ಸೇರುತ್ತದೆ. ನಮ್ಮ ಮನೆಬೆಕ್ಕಿನ ಮೂಲ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಬಾಯಾರಿಕೆ ಕಡಿಮೆ, ಮೂತ್ರವನ್ನು ಗಟ್ಟಿ ಮಾಡಿ ನೀರು ಉಳಿಸುವ ಸಾಮರ್ಥ್ಯ ಹೆಚ್ಚು. ಇಲಿಯ ಮೈಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ನೀರೇ, ಅದನ್ನು ತಿಂದರೆ ಬೇರೆ ಕುಡಿಯುವ ಗೋಜಿಲ್ಲ. ನಾವು ಕೊಡುವ ಒಣ ಕಾಳಿನಲ್ಲಿ ನೂರಕ್ಕೆ ಹತ್ತರಷ್ಟು ನೀರು. ಪಕ್ಕದಲ್ಲಿ ಬಟ್ಟಲು ತುಂಬಾ ನೀರಿಟ್ಟಿದ್ದೇನಲ್ಲ ಅಂತ ನಾನೂ ಅಂದುಕೊಂಡಿದ್ದೆ. ಬೆಕ್ಕಿಗೆ ಆ ಬಟ್ಟಲು ನೆನಪೇ ಆಗುವುದಿಲ್ಲ.

ಕಾಗೆ, ಕೊಂಬೆ

ಶಾನುಭೋಗ ಕ್ಲಿನಿಕ್ಕಿನಲ್ಲಿದ್ದಾಗ ಬೀದಿಯವರೆಲ್ಲ ವಿಚಾರಿಸಿದರು, ಸಲಹೆಗಳೂ ಬಂದವು. "ಉಷ್ಣ ಆಗಿರುತ್ತೆ ಅಷ್ಟೇ. ಎಳನೀರು ಕುಡಿಸಬೇಕಿತ್ತು." "ಬಾರ್ಲಿ ಗಂಜಿ." "ಜೀರಿಗೆ ನೆನೆಸಿದ ನೀರು, ನಮ್ಮ ಮಿನ್ನಿಗೆ ಅದರಲ್ಲೇ ವಾಸಿಯಾಯ್ತು." ಉಷ್ಣ ಎನ್ನುವ ಪದದ ಮೇಲೆ ನನಗೆ ಕೋಪವಿಲ್ಲ. ಅದೊಂದು ದೊಡ್ಡ ಬುಟ್ಟಿ. ಬಾಯಿಹುಣ್ಣು, ಕಣ್ಣುರಿ, ಉರಿಮೂತ್ರ ಎಲ್ಲ ಹಿಡಿಸುತ್ತದೆ. ಆದರೆ ಮಿನ್ನಿ ಹೆಣ್ಣು. ಕಾರಣ ಸಿಗದ ಆ ಊತ, ಕಟ್ಟಿಕೊಳ್ಳದೆ ಇದ್ದರೆ, ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಆ ವಾರದಲ್ಲಿ ಏನು ಕುಡಿಸಿದರೂ ಕೀರ್ತಿ ಅದಕ್ಕೆ. ಕಾಗೆ ಕೂತಿತು, ಕೊಂಬೆ ಮುರಿಯಿತು. ಜೀರಿಗೆಗೆ ಮಾತ್ರ ಅಂತಲ್ಲ, ಕೆಲವು ಕ್ಲಿನಿಕ್ಕುಗಳಲ್ಲಿ ಕೈಗೆ ಸಿಕ್ಕ ಇಂಜೆಕ್ಷನ್ ಚುಚ್ಚಿ ಕಳಿಸುತ್ತಾರಲ್ಲ, ಅದಕ್ಕೂ ಇದೇ ಮಾತು.

ಕಟ್ಟಿಕೊಂಡ ಗಂಡಿಗೆ ಅದೇ ಎಳನೀರು ಕುಡಿಸಿದರೆ ಏನಾಗುತ್ತದೆ ಅಂತ ಯೋಚಿಸಿದಾಗ ಮೈ ಜುಮ್ಮೆಂದಿತು. ಎಳನೀರಿನ ದೊಡ್ಡ ಗುಣವೇ ಅದರ ಪೊಟ್ಯಾಸಿಯಂ. ರಕ್ತದಲ್ಲಿ ಅದೇ ಏರಿ ಎದೆ ನಿಲ್ಲುವ ಹಂತದಲ್ಲಿರುವ ಪ್ರಾಣಿಗೆ ಸಿರಿಂಜಿನಲ್ಲಿ ಎಳನೀರು! ಯಾವ ನೀರನ್ನು ಬಲವಂತಕ್ಕೆ ಕುಡಿಸಿದರೂ ಹೊರದಾರಿ ಮುಚ್ಚಿದ ಕೊಡಕ್ಕೆ ಸುರಿದಂತೆ. ಮೆಡಿಕಲ್ ಸ್ಟೋರಿನಲ್ಲಿ ಉರಿಮೂತ್ರಕ್ಕೆಂದು ನಾವೆಲ್ಲ ಕುಡಿಯುವ ಗುಲಾಬಿ ಬಣ್ಣದ ಸಿರಪ್ಪಿನ ಕೆಲಸ ಮೂತ್ರವನ್ನು ಕ್ಷಾರೀಯ ಮಾಡುವುದು. ಸ್ಟ್ರುವೈಟ್ ಹರಳು ಕಟ್ಟುವುದೇ ಕ್ಷಾರದಲ್ಲಿ. ನೋವು ಕಡಿಮೆಯಾಗಲೆಂದು ಕಾಲು ಭಾಗ ಪ್ಯಾರಾಸಿಟಮಾಲ್ ಅರೆದು ಹಾಕುವವರೂ ಇದ್ದಾರೆ. ಅದನ್ನು ಅರಗಿಸುವ ದಾರಿ ಬೆಕ್ಕಿನ ಪಿತ್ತಜನಕಾಂಗದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ದುರ್ಬಲ. ರಕ್ತ ಕಂದಿ, ವಸಡು ಕಾಫಿ ಬಣ್ಣಕ್ಕೆ ತಿರುಗಿ ಸಾಯುತ್ತದೆ. ಒಂದು ಮಾತ್ರೆ ಸಾಕು. ಅಪ್ಪನೂ ಒಂದು ದಿನ ತಮ್ಮ ಪ್ರಾಸ್ಟೇಟ್ ಮಾತ್ರೆಯ ಪಟ್ಟಿ ಹಿಡಿದು "ಇದನ್ನ ಅರ್ಧ ಕೊಡಬಹುದಾ ಡಾಕ್ಟ್ರೇ, ನಂಗೆ ಚೆನ್ನಾಗಿ ಹಿಡಿದಿದೆ" ಅಂದಿದ್ದರು. ಡಾಕ್ಟರು ನಕ್ಕರು. "ಅದೇ ಜಾತಿಯ ಔಷಧಿ ನಾವೂ ಕೆಲವು ಸಲ ಬಳಸ್ತೀವಿ ಯಜಮಾನ್ರೇ. ಆದರೆ ಅಳತೆ ನಮಗೆ ಬಿಡಿ."

ಮನೆಯಲ್ಲಿ ಮಾಡಬಹುದಾದದ್ದು ಏನೂ ಇಲ್ಲವೇ ಅಂತ ಈಗಲೂ ಫೋನ್ ಮಾಡಿ ಕೇಳುತ್ತಾರೆ, ಬೆಕ್ಕು ಸಾಕಿದ ಗೆಳತಿಯರು. ಗಂಡು ಬೆಕ್ಕು ತಿಣುಕುತ್ತಿದೆ, ಮಣ್ಣು ಒದ್ದೆಯಾಗುತ್ತಿಲ್ಲ ಅಂದರೆ ಮಾಡಬಹುದಾದದ್ದು ಆಟೋ ಹಿಡಿಯುವುದು. ಹೊಟ್ಟೆ ಒತ್ತಿ ನೋಡುವುದೂ ಬೇಡ, ತುಂಬಿದ ಮೂತ್ರಕೋಶ ಒಡೆದೀತು. ಅಪ್ಪ ಮುಟ್ಟಿದ್ದನ್ನು ಹೇಳಿದಾಗ ಡಾಕ್ಟರು ಅದನ್ನೇ ಹೇಳಿದರು. ವಾಂತಿ ಶುರುವಾಗಿದ್ದರೆ, ತಲೆ ಎತ್ತದೆ ಮಲಗಿದ್ದರೆ, ಗಂಟೆಗಳ ಲೆಕ್ಕ. ಬಾಲ ನಡುಗಿಸುತ್ತ ನಿಂತುಕೊಂಡು ಗೋಡೆಗೆ ಚಿಮ್ಮಿಸಿದರೆ ಅದು ಬೇರೆ ವಿಷಯ, ಗಡಿ ಗುರುತು ಹಾಕುವುದು. ಬೇಕಾದರೆ ಬೈಯಿರಿ. ಕೂತುಕೊಂಡು, ಹನಿ ಹನಿ, ಸಿಕ್ಕ ಸಿಕ್ಕ ತಂಪು ಜಾಗದಲ್ಲಿ ಆದರೆ ಬೈಗುಳ ನುಂಗಿಕೊಳ್ಳಿ. ತಂಪು ಜಾಗ ಯಾಕೆ? ನನ್ನ ಊಹೆ ಇಷ್ಟೇ, ಟ್ರೇಯಲ್ಲಿ ಕೂತಾಗಲೆಲ್ಲ ನೋವಾದರೆ ಟ್ರೇಯೇ ನೋವು ಕೊಡುತ್ತಿದೆ ಅಂತ ಅದಕ್ಕೆ ಅನಿಸುತ್ತಿರಬೇಕು. ನೋವಿಲ್ಲದ ಜಾಗ ಹುಡುಕಿಕೊಂಡು ಅದು ಜಮಖಾನಕ್ಕೆ, ಬೇಸಿನ್ನಿಗೆ ಅಲೆಯುತ್ತದೆ. ನಾನು ಅದಕ್ಕೆ ಸೇಡು ಅಂತ ಹೆಸರಿಟ್ಟೆ.

ಕುರ್ಚಿಯ ಪಕ್ಕದ ಮೂಲೆ

ಇವನಿಗೆ ಹರಳೂ ಇತ್ತು, ಮೈಕ್ರೋಸ್ಕೋಪಿನಲ್ಲಿ ಡಾಕ್ಟರು ತೋರಿಸಿದರು. ಆದರೂ ಅವರು ಹೆಚ್ಚು ಕೇಳಿದ್ದು ಮನೆಯ ಬಗ್ಗೆ. ಏನಾದರೂ ಬದಲಾಗಿತ್ತಾ? ನಾನು ಹೇಳುತ್ತ ಹೋದೆ: ಅಪ್ಪ ಬಂದದ್ದು, ಕುರ್ಚಿ ಬಂದದ್ದು, ಟ್ರೇ ಹೋದದ್ದು, ಒಂಬತ್ತು ಜನ, ರಾತ್ರಿ ಹನ್ನೊಂದರವರೆಗೆ ಮಾತು. ಹೇಳುತ್ತ ಹೇಳುತ್ತ ಅಪ್ಪನ ಮುಖ ಸಣ್ಣಗಾಗುತ್ತಿದ್ದದ್ದು ಕಂಡಿತು. ಮಾತು ಅಲ್ಲಿಗೇ ನಿಲ್ಲಿಸಿದೆ.

ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯರಾಗಿದ್ದ ಟೋನಿ ಬಫಿಂಗ್ಟನ್ ಈ ಕಾಯಿಲೆಯನ್ನೇ ಬೆನ್ನು ಹತ್ತಿದವರು. ಅವರೂ ಜೊತೆಯವರೂ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಆ ರಾತ್ರಿಗಳಲ್ಲಿ ಓದಿದೆ. 32 ಬೆಕ್ಕುಗಳು; ಕೆಲವಕ್ಕೆ ಈ ಮೂತ್ರಕೋಶದ ಊತ, ಉಳಿದವು ಗಟ್ಟಿಮುಟ್ಟು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನ್ನು ದಿನಾ ಗಮನಿಸಿದರು. ನೋಡಿಕೊಳ್ಳುವವರು ಬದಲಾದಾಗ, ಊಟದ ಹೊತ್ತು ತಪ್ಪಿದಾಗ, ಕಾಯಿಲೆಯ ಬೆಕ್ಕುಗಳ ಹಾಗೇ ಆರೋಗ್ಯವಾಗಿದ್ದವೂ ಊಟ ಬಿಟ್ಟವು, ಟ್ರೇ ಬಿಟ್ಟು ಹೊರಗೆ ಹೋದವು. ಅದಕ್ಕೆ ಮುಂಚೆಯೇ ಇದೇ ತಂಡ ರೋಗಿ ಬೆಕ್ಕುಗಳ ಮನೆಯ ಪರಿಸರ ಸುಧಾರಿಸಿ, ಅಡಗಲು ಜಾಗ, ಹತ್ತಲು ಎತ್ತರ, ಆಟ, ನೆಮ್ಮದಿಯ ಟ್ರೇ ಎಲ್ಲ ಒದಗಿಸಿ ನೋಡಿ, ತೊಂದರೆ ತಗ್ಗಿದ್ದನ್ನು ಬರೆದಿತ್ತು. ನನಗೆ ಇದನ್ನು ಓದಿ ಸಮಾಧಾನ, ಸಂಕಟ ಎರಡೂ ಆಯಿತು. ಔಷಧಿಯಿಂದಲೇ ಎಲ್ಲ ಆಗುವುದಾದರೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತು.

ಶಾನುಭೋಗ ಮನೆಗೆ ಬರುವ ಮುಂಚೆ ಅಪ್ಪನೇ ಕುರ್ಚಿಯನ್ನು ಬಚ್ಚಲಿನ ಇನ್ನೊಂದು ಗೋಡೆಗೆ ಎಳೆದರು. ಹಂಡೆ ಹೊರಗೆ ಹೋಯಿತು. ಟ್ರೇ ಹಳೇ ಮೂಲೆಗೆ ಬಂತು. ವಾಷಿಂಗ್ ಮಷಿನಿನ ಪಕ್ಕದಲ್ಲಿದ್ದ ಜಾಗಕ್ಕೆ ಬದಲಾಗಿ ಪಡಸಾಲೆಯ ಮೂಲೆಯಲ್ಲಿ ಇನ್ನೊಂದು ಟ್ರೇ. ಬೆಕ್ಕೆಷ್ಟೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಇರಬೇಕು ಅನ್ನುವುದು ಡಾಕ್ಟರ ಲೆಕ್ಕ. ಒಣ ಕಾಳು ಪೂರ್ತಿ ಬಿಡಿಸಲಾಗಲಿಲ್ಲ, ಅರ್ಧಕ್ಕರ್ಧ ಆಯಿತು. ಉಳಿದರ್ಧಕ್ಕೆ ಪೌಚಿನ ಹಸಿ ಆಹಾರ. ಮೊದಲ ದಿನ ನಾನು ಪೌಚು ಕತ್ತರಿಸಿ ಅಲ್ಲೇ ಬಿಟ್ಟು ಹೊರಗೋಡಿದೆ. ಈಗ ಅಪ್ಪನ ಕೆಲಸ ಅದು. ಹೆಗಲ ಮೇಲಿನ ಟವಲನ್ನು ಮೂಗಿಗೆ ಸುತ್ತಿಕೊಂಡು, ಮುಖ ಆ ಕಡೆ ತಿರುಗಿಸಿಕೊಂಡು, ಬಿಸಿನೀರು ಬೆರೆಸಿ ಸಾರಿನ ಹಾಗೆ ತೆಳ್ಳಗೆ ಕಲಸಿ, ಅವನ ತಟ್ಟೆಗೆ ಸುರಿದು, ಕೈ ಮೂರು ಸಲ ತೊಳೆಯುತ್ತಾರೆ. ಎಪ್ಪತ್ತಾರು ವರ್ಷ ಮೊಟ್ಟೆಯನ್ನೂ ಮುಟ್ಟದ ಮನುಷ್ಯ.

ಮೊದಲ ವಾರವೇ ಮತ್ತೆ ಕಟ್ಟುವ ಸಾಧ್ಯತೆ ಹೆಚ್ಚು ಅಂದಿದ್ದರು. ಹದಿನೈದು ದಿನ ಟ್ರೇಯಲ್ಲಿ ಸದ್ದಾದರೆ ನಾನೂ ಅಪ್ಪನೂ ಎರಡು ಕಡೆಯಿಂದ ಓಡುತ್ತಿದ್ದೆವು. ಪಾಪ, ಅದಕ್ಕೊಂದು ಏಕಾಂತವೇ ಇರಲಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು. ಉಂಡೆ ಕಟ್ಟುವ ಬೆಂಟೊನೈಟ್ ಮಣ್ಣಿನಲ್ಲಿ ಒಂದೊಂದು ಸಲಕ್ಕೂ ಒಂದೊಂದು ಉಂಡೆಯಾಗುತ್ತದೆ. ದಿನಕ್ಕೆ ಎರಡರಿಂದ ನಾಲ್ಕು, ನಿಂಬೆಹಣ್ಣಿನ ಗಾತ್ರ, ಸರಿ. ಹತ್ತು ಹನ್ನೆರಡು ಗೋಲಿಯಷ್ಟೇ ಇದ್ದರೆ ಎಚ್ಚರ. ಒಂದೂ ಇಲ್ಲದಿದ್ದರೆ ಚಪ್ಪಲಿ ಮೆಟ್ಟಬೇಕು. ಉಂಡೆ ತೀರಾ ದೊಡ್ಡದಾಗುತ್ತ ಬಂದು ಬಟ್ಟಲಿನ ನೀರೂ ಬೇಗ ಖಾಲಿಯಾಗುತ್ತಿದ್ದರೆ ಅದು ಇನ್ನೊಂದು ಕಥೆ, ವಯಸ್ಸಾದ ಬೆಕ್ಕಿನ ಕಿಡ್ನಿಯದೋ ಸಕ್ಕರೆಯದೋ. ಸೈಟಿನಿಂದ ತಂದ ಮರಳು ಹಾಕುವವರಿಗೆ ಉಂಡೆ ಸಿಗುವುದಿಲ್ಲ, ಅವರು ಒದ್ದೆ ಜಾಗವನ್ನೇ ನೋಡಿಕೊಳ್ಳಬೇಕು. ಜಿಎಸ್‌ಟಿ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ತಾರೀಕು, ಉಂಡೆ, ಗಾತ್ರ ಅಂತ ಮೂರು ಕಲಂ ಮಾಡಿದೆ. ಎರಡು ವರ್ಷದ ಲೆಕ್ಕ ಇದೆ. ಒಂದು ಸಲ, ಹೋದ ದೀಪಾವಳಿಯ ಪಟಾಕಿಯ ಮಾರನೆಯ ದಿನ, ಒಂಬತ್ತು ಗೋಲಿ ಕಂಡವು. ಮಧ್ಯಾಹ್ನದೊಳಗೆ ಕ್ಲಿನಿಕ್ಕಿನಲ್ಲಿದ್ದೆವು. ಕಟ್ಟಿರಲಿಲ್ಲ, ಊತ ಅಷ್ಟೇ. ನೋವಿಗೆ ಔಷಧಿ ಕೊಟ್ಟರು, ಐದು ದಿನಕ್ಕೆ ಇಳಿಯಿತು.

ಬೆಳಿಗ್ಗೆ ಆರಕ್ಕೆ ನಾನು ಟ್ರೇ ಬಗೆಯುತ್ತ ಕೂತಿರುತ್ತೇನೆ. ಅಪ್ಪ ಕಾಫಿ ಲೋಟ ಹಿಡಿದು ಬಚ್ಚಲ ಬಾಗಿಲಿಗೆ ಬರುತ್ತಾರೆ. ಶಾನುಭೋಗ ಅವರ ಕಾಲಿಗೆ ಸುತ್ತಿಕೊಂಡು ಟವಲಿನ ದಾರಿ ಕಾಯುತ್ತಿರುತ್ತಾನೆ.

"ಎಷ್ಟಮ್ಮ?"

"ಮೂರು."

"ನಂದೂ ರಾತ್ರಿ ಮೂರೇ" ಅನ್ನುತ್ತಾರೆ ಅಪ್ಪ. "ಬರ್ಕೋ."